ಕ್ಯಾನನ್ 50 ಎಂಎಂ ಎಫ್/1.8 ಎಸ್‌ಟಿಎಂ: ಬಿದ್ರಿ ಕೆಲಸದ ಕೋಣೆಯಲ್ಲಿ ಒಂದು ವಿದ್ಯಾರ್ಥಿ ಯೋಜನೆಗೆ ಒದಗಿದ ಲೆನ್ಸ್

ಕಲಬುರಗಿಯಲ್ಲಿ ದೃಶ್ಯಕಲೆ ಓದುವಾಗ ಅಂತಿಮ ವರ್ಷದ ಛಾಯಾಚಿತ್ರ ಯೋಜನೆಗೆ ನಾನು ಬಳಸಿದ್ದು ಕ್ಯಾನನ್ ಕಂಪನಿಯ ಇಎಫ್ 50 ಎಂಎಂ ಎಫ್/1.8 ಎಸ್‌ಟಿಎಂ ಲೆನ್ಸ್. ಹೆಸರಿನಲ್ಲಿರುವ 50 ಎಂಎಂ ನೋಟದ ಅಳತೆ, ಆ ಸಂಖ್ಯೆ ದೊಡ್ಡದಾದಷ್ಟೂ ನೋಟ ಕಿರಿದು; ಎಫ್/1.8 ಬೆಳಕಿನ ಕಿಂಡಿಯ ಅಳತೆ, ಆ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. 2015ರಲ್ಲಿ ಮಾರುಕಟ್ಟೆಗೆ ಬಂದ, ಸುಮಾರು 160 ಗ್ರಾಂ ತೂಗುವ, ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ದೊರೆಯುವ ಈ ಲೆನ್ಸಿನ ಬಗ್ಗೆ ಮದುವೆಯ ಫೋಟೋ ತೆಗೆಯುವವರು, ಮಕ್ಕಳ ಚಿತ್ರ ತೆಗೆಯುವ ತಂದೆತಾಯಿಗಳು ಈಗಾಗಲೇ ಬೇಕಾದಷ್ಟು ಬರೆದಿದ್ದಾರೆ. ನಾನು ಪರಿಶೀಲಿಸಬಯಸುವ ಸಂದರ್ಭ ಬೇರೆ. ಕಾಲೇಜಿನ ಅಧ್ಯಾಪಕರು ಒಂದು ದಿಕ್ಕನ್ನು ಸೂಚಿಸುತ್ತಿರುವಾಗ, ವಿದ್ಯಾರ್ಥಿಯ ಮನಸ್ಸು ಇನ್ನೊಂದು ದಿಕ್ಕಿಗೆ ಎಳೆಯುತ್ತಿರುವಾಗ, ಕೈಯಲ್ಲಿರುವ ಹಣ ಒಂದೇ ಒಂದು ಲೆನ್ಸಿಗೆ ಸಾಕಾಗುವಷ್ಟಿರುವಾಗ, ಈ ಲೆನ್ಸ್ ಆ ವಿದ್ಯಾರ್ಥಿಗೆ ಏನು ಕೊಡಬಲ್ಲದು, ಏನು ಕೊಡಲಾರದು ಎಂಬುದನ್ನು ನನ್ನ ಕೆಲಸದ ಆಧಾರದ ಮೇಲೆ ಹೇಳುತ್ತೇನೆ.

ನಮ್ಮ ವಿಭಾಗದಲ್ಲಿ ಛಾಯಾಚಿತ್ರ ಯೋಜನೆಯೆಂದರೆ ಬಹುಮಟ್ಟಿಗೆ ಸ್ಮಾರಕ. ಕಲಬುರಗಿಯ ಕೋಟೆಯೊಳಗೆ 1367ರ ಜಾಮಿ ಮಸೀದಿ ಇದೆ, ಕೋಟೆಯ ಹೊರಗೆ ಹಫ್ತ್ ಗುಂಬಜ್ ಎಂಬ ಗೋರಿಗಳಿವೆ. ಬೀದರಿಗೆ ಹೋದರೆ ಕೋಟೆ, 1472ರಲ್ಲಿ ಬಹಮನಿ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ, ಅಷ್ಟೂರಿನ ಗೋರಿಗಳು. ಅಧ್ಯಾಪಕರು ಈ ವಿಷಯವನ್ನು ಇಷ್ಟಪಡಲು ಗಟ್ಟಿಯಾದ ಕಾರಣಗಳಿದ್ದವು ಮತ್ತು ಅವನ್ನು ಅವರು ನನಗೆ ಸಹನೆಯಿಂದ ವಿವರಿಸಿದರು. ಕಟ್ಟಡ ಅಲುಗಾಡುವುದಿಲ್ಲ, ಬೆಳಕಿಗಾಗಿ ಕಾಯಲು ಕಲಿಸುತ್ತದೆ, ಗೆರೆ ಮತ್ತು ದೂರನೋಟದ ಶಿಸ್ತನ್ನು ಹೇಳಿಕೊಡುತ್ತದೆ, ಹೊರಗಿನಿಂದ ಬರುವ ಪರೀಕ್ಷಕರು ಅಳೆಯಬಹುದಾದ ಗುಣಗಳನ್ನು ಎದುರಿಗೇ ಇಡುತ್ತದೆ. 1948ರವರೆಗೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಅದೇ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನದಯಾಳ್ (1844–1905) ಅವರ ಕಟ್ಟಡಗಳ ಚಿತ್ರಗಳನ್ನು ಮುಂದಿಟ್ಟು, ಇದು ನಿಮ್ಮದೇ ಪರಂಪರೆ, ಇದನ್ನು ಮುಂದುವರಿಸಿ ಎಂದು ನಮ್ಮ ಹಿರಿಯ ಅಧ್ಯಾಪಕರು ಹೇಳುತ್ತಿದ್ದರು. ಅವರ ಮಾತನ್ನು ನಾನು ಇಂದಿಗೂ ಗೌರವಿಸುತ್ತೇನೆ.

ನನ್ನ ಮನಸ್ಸು ಮಾತ್ರ ಕಪ್ಪು ಲೋಹದೊಳಗೆ ಬೆಳ್ಳಿ ಕೂರಿಸುವ ಬೀದರಿನ ಬಿದ್ರಿ ಕುಶಲಕರ್ಮಿಗಳ ಕೈಗಳ ಮೇಲೆ ನಿಂತಿತ್ತು. ಬಿದ್ರಿ ಪಾತ್ರೆಯನ್ನು ಅಂಗಡಿಯ ಗಾಜಿನ ಹಿಂದೆ ನೋಡಿದವರು ಬಹಳ ಜನ. ಅದು ಹುಟ್ಟುವ ಕ್ರಮವನ್ನು ಹತ್ತಿರ ಕೂತು ನೋಡಿದವರು ನಮ್ಮ ಜಿಲ್ಲೆಗಳಲ್ಲೂ ಕಡಿಮೆ. ಸಾಮಾನ್ಯವಾಗಿ ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ, ಮರಳಿನ ಅಚ್ಚಿನಲ್ಲಿ ಎರಕ ಹೊಯ್ದು, ಅರದಿಂದ ಉಜ್ಜಿ ನುಣುಪು ಮಾಡಿ, ಮೈಲುತುತ್ತದ ದ್ರಾವಣ ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸಿದ ಮೇಲೆ ಕುಶಲಕರ್ಮಿ ಆ ಕಪ್ಪಿನ ಮೇಲೆ ಮೊನಚಾದ ಕಡ್ಡಿಯಿಂದ ಚಿತ್ರ ಬಿಡಿಸುತ್ತಾನೆ. ಬಳಿಕ ಉಳಿಯಿಂದ ಗೆರೆಯನ್ನು ಕೊರೆದು, ಆ ಸಣ್ಣ ಕಾಲುವೆಯೊಳಗೆ ಬೆಳ್ಳಿಯ ತಂತಿಯನ್ನೋ ತಗಡಿನ ತುಣುಕನ್ನೋ ಕೂರಿಸಿ ಸುತ್ತಿಗೆಯಿಂದ ಬಡಿಯುತ್ತಾನೆ. ಕೊನೆಯಲ್ಲಿ ನವಸಾಗರವೆಂಬ ಲವಣ ಬೆರೆಸಿದ ಕೋಟೆಯ ಮಣ್ಣಿನ ಉಪಚಾರದಿಂದ ಸತುವಿನ ಭಾಗ ಶಾಶ್ವತವಾಗಿ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತ, 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ತಂದುಕೊಟ್ಟ ಈ ಕಲೆಯ ನಿಜವಾದ ಅಳತೆ ಅಂಗೈಯದು. ಕೋಟೆಯ ಚಿತ್ರ ತೆಗೆಯುವವರು ಹಿಂದೆ ಹಿಂದೆ ಸರಿಯುತ್ತಾರೆ. ಇಲ್ಲಿ ಮುಂದೆ ಮುಂದೆ ಸರಿಯಬೇಕು. ಯಾವ ಲೆನ್ಸ್ ಬೇಕೆಂಬ ಪ್ರಶ್ನೆ ಈ ಒಂದು ಸಂಗತಿಯಿಂದಲೇ ಹುಟ್ಟಿತು.

ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ಸಿಗುತ್ತಿದ್ದದ್ದು ಕ್ಯಾನನ್ ಇಒಎಸ್ 1500ಡಿ ಕ್ಯಾಮೆರಾ ಮತ್ತು ಅದರ ಜೊತೆಗೇ ಬರುವ 18–55 ಎಂಎಂ ಕಿಟ್ ಲೆನ್ಸ್. ಸ್ಮಾರಕಕ್ಕೆ ಆ ಲೆನ್ಸ್ ಸಾಕು. ಹಗಲಿನ ಬೆಳಕಿನಲ್ಲಿ ಎಫ್/8ಕ್ಕೆ ಇಟ್ಟು 18 ಎಂಎಂನಲ್ಲಿ ಚಿತ್ರ ತೆಗೆದರೆ ಮದರಸಾದ ಇಡೀ ಮುಂಭಾಗ ಒಳಗೆ ಬರುತ್ತದೆ, ಸ್ಪಷ್ಟತೆಯ ಬಗ್ಗೆ ದೂರಲು ಏನೂ ಇರುವುದಿಲ್ಲ. ಬಿದ್ರಿ ಕೆಲಸದ ಕೋಣೆಯಲ್ಲಿ ಪರಿಸ್ಥಿತಿಯೇ ಬೇರೆ. ಒಂದು ಬಾಗಿಲು, ಹೆಚ್ಚೆಂದರೆ ಒಂದು ಕಿಟಕಿ, ಮೇಲೊಂದು ಟ್ಯೂಬ್‌ಲೈಟ್. ಕುಶಲಕರ್ಮಿ ನೆಲದ ಮೇಲೆ ಕೂತು ಕೆಲಸದ ವಸ್ತುವಿನ ಮೇಲೆ ಬಾಗಿರುವುದರಿಂದ ಇರುವ ಬೆಳಕಿಗೂ ಅವನ ಬೆನ್ನೇ ಅಡ್ಡ. 55 ಎಂಎಂಗೆ ತಿರುಗಿಸಿದ ಕಿಟ್ ಲೆನ್ಸ್ ಎಫ್/5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಎಫ್/1.8ರಲ್ಲಿ ಒಳಬರುವ ಬೆಳಕು ಅದರ ಒಂಬತ್ತೂವರೆ ಪಟ್ಟಿಗಿಂತ ಹೆಚ್ಚು, ಅಂದರೆ ಮೂರು ಸ್ಟಾಪಿಗೂ ಮಿಗಿಲು (ಬೆಳಕು ಒಮ್ಮೆ ಇಮ್ಮಡಿಯಾದರೆ ಒಂದು ಸ್ಟಾಪ್). ಕಿಟ್ ಲೆನ್ಸಿನಲ್ಲಿ ಐಎಸ್‌ಒ 3200 (ಕ್ಯಾಮೆರಾ ಬೆಳಕಿಗೆ ತೋರುವ ಸಂವೇದನೆಯ ಅಳತೆ) ಬೇಡುವ ಚಿತ್ರ ಈ ಲೆನ್ಸಿನಲ್ಲಿ 320ರ ಸುಮಾರಿಗೆ ಸಿಗುತ್ತದೆ. ಕಿಟ್ ಲೆನ್ಸಿನಲ್ಲಿ ಕೈನಡುಕ ತಡೆಯುವ ವ್ಯವಸ್ಥೆ ಇದೆ, ಇದರಲ್ಲಿ ಇಲ್ಲ ಎಂಬುದು ನಿಜ. ಆದರೆ ಆ ವ್ಯವಸ್ಥೆ ನಮ್ಮ ಕೈಯ ನಡುಕವನ್ನು ತಡೆಯುತ್ತದೆಯೇ ಹೊರತು ಬೀಳುತ್ತಿರುವ ಸುತ್ತಿಗೆಯನ್ನು ನಿಲ್ಲಿಸಲಾರದು. ಸುತ್ತಿಗೆಯ ಏಟನ್ನು ಸ್ಪಷ್ಟವಾಗಿ ಹಿಡಿಯಲು ಸೆಕೆಂಡಿನ 250ನೇ ಒಂದು ಭಾಗದಷ್ಟಾದರೂ ಶಟರ್ ವೇಗ ಬೇಕು. ಆ ವೇಗವನ್ನು ಆ ಕೋಣೆಯಲ್ಲಿ ಫ್ಲ್ಯಾಶ್ ಇಲ್ಲದೆ ಕೊಟ್ಟದ್ದು ಈ ಲೆನ್ಸ್.

ಐಎಸ್‌ಒ ತಗ್ಗಿದ್ದರಿಂದ ಆದ ಲಾಭ ಬಿದ್ರಿಯ ಮಟ್ಟಿಗೆ ಇನ್ನೂ ದೊಡ್ಡದು. ಮುಖಚಿತ್ರದಲ್ಲಿ ಸ್ವಲ್ಪ ಕಣಕಣವಾಗಿ ಕಂಡರೆ ಯಾರೂ ಗಮನಿಸುವುದಿಲ್ಲ, ಆದರೆ ಬಿದ್ರಿಯ ಸೊಗಸೆಲ್ಲ ಅದರ ಕಪ್ಪಿನಲ್ಲಿದೆ. ಐಎಸ್‌ಒ ಏರಿಸಿದ ಚಿತ್ರದಲ್ಲಿ ಆ ಕಪ್ಪು ಬೂದಿ ಬಡಿದಂತಾಗುತ್ತದೆ, ಅದರೊಳಗೆ ಕೆಂಪು ಹಸಿರು ಚುಕ್ಕೆಗಳು ಎದ್ದು ಕಾಣುತ್ತವೆ, ಮುದ್ರಿಸಿದಾಗ ಇನ್ನೂ ಕೆಡುತ್ತದೆ. ನಮ್ಮ ಅಧ್ಯಾಪಕರು ಮೊದಮೊದಲು ಈ ವಿಷಯವನ್ನು ಒಪ್ಪದಿರಲು ಇದೂ ಒಂದು ಕಾರಣವಾಗಿತ್ತು. ಹಿಂದೆ ಯಾರೋ ವಿದ್ಯಾರ್ಥಿಗಳು ಕಿಟ್ ಲೆನ್ಸಿನಲ್ಲಿ ತೆಗೆದಿದ್ದ ಬಿದ್ರಿ ಚಿತ್ರಗಳನ್ನು ಅವರು ನೋಡಿದ್ದರು. ಫ್ಲ್ಯಾಶ್ ಹೊಡೆದ ಪಾತ್ರೆಯ ಮೇಲೆ ಬಿಳಿಯ ಮಚ್ಚೆ, ಉಳಿದೆಡೆ ಮಂಕು ಕಪ್ಪು. ಕಾರ್ಯಾಗಾರದೊಳಗೆ ಒಳ್ಳೆಯ ಚಿತ್ರ ಬರುವುದಿಲ್ಲ, ಕೋಟೆಗೆ ಹೋಗು ಎಂಬ ಅವರ ಸಲಹೆಯ ಹಿಂದೆ ಈ ಅನುಭವವಿತ್ತು. ಆದ್ದರಿಂದ ವಿಷಯದ ಬಗ್ಗೆ ವಾದಿಸುವ ಮೊದಲು, ಅಲ್ಲಿ ಚಿತ್ರ ಸಾಧ್ಯ ಎಂಬುದನ್ನು ತೋರಿಸುವುದು ನನಗೆ ಮುಖ್ಯವಾಯಿತು.

ಈ ಲೆನ್ಸ್ ಕ್ಯಾಮೆರಾದೊಳಗಿನ, ಚಿತ್ರ ಹಿಡಿಯುವ ಸೆನ್ಸರಿನಿಂದ 35 ಸೆಂಟಿಮೀಟರ್ ದೂರದವರೆಗೆ ಫೋಕಸ್ ಆಗುತ್ತದೆ. ಲೆನ್ಸಿನ ಮುಖದಿಂದ ವಸ್ತುವಿಗೆ ಉಳಿಯುವ ಅಂತರ ಒಂದು ಗೇಣಿಗಿಂತ ತುಸು ಹೆಚ್ಚು. ಆ ಅಂತರದಲ್ಲಿ 1500ಡಿಯ ಚೌಕಟ್ಟಿನೊಳಗೆ ಸುಮಾರು ಹತ್ತೂವರೆ ಸೆಂಟಿಮೀಟರ್ ಅಗಲ, ಏಳು ಸೆಂಟಿಮೀಟರ್ ಎತ್ತರದ ಜಾಗ ತುಂಬುತ್ತದೆ. ಎರಡು ಬೆರಳು, ಒಂದು ಉಳಿಯ ತುದಿ, ಅರ್ಧ ಕೊರೆದ ಬಳ್ಳಿ, ಇಷ್ಟೇ. ಲೆಕ್ಕಕ್ಕೆ ನೋಡಿದರೆ ಕಿಟ್ ಲೆನ್ಸ್ 25 ಸೆಂಟಿಮೀಟರ್‌ವರೆಗೆ ಹೋಗುತ್ತದೆ, ವಸ್ತುವನ್ನು ಇನ್ನೂ ದೊಡ್ಡದಾಗಿ ತೋರಿಸುತ್ತದೆ. ಆದರೆ ಅಷ್ಟು ಹತ್ತಿರ ಹೋದರೆ ತೆಗೆಯುವವರ ತಲೆಯ ನೆರಳೇ ಕೆಲಸದ ಮೇಲೆ ಬೀಳುತ್ತದೆ. "ಫೋಟೋ ಬೇಕಾದಷ್ಟು ಹೊಡಿ ಬೇಟಾ, ನೆರಳ ಮಾತ್ರ ಬೀಳಸಬ್ಯಾಡ, ಗೆರಿ ಕಾಣಂಗಿಲ್ಲ" ಎಂದು ನಾನು ಚಾಚಾ ಎಂದು ಕರೆಯುತ್ತಿದ್ದ ಹಿರಿಯ ಕುಶಲಕರ್ಮಿಯೊಬ್ಬರು ಮೊದಲೇ ಹೇಳಿದ್ದರು. ಕುಶಲಕರ್ಮಿಗೆ ಬೆಳಕು ಅನ್ನದಷ್ಟೇ ಮುಖ್ಯ; ಅದನ್ನು ಕಸಿಯುವ ಛಾಯಾಗ್ರಾಹಕಿಗೆ ಆ ಕೋಣೆಯಲ್ಲಿ ಜಾಗವಿಲ್ಲ. 50 ಎಂಎಂ ಒದಗಿಸುವ ಆ ಸ್ವಲ್ಪ ಹೆಚ್ಚಿನ ಅಂತರ ಅವರ ಬೆಳಕನ್ನು ಅವರಿಗೇ ಬಿಟ್ಟುಕೊಡುತ್ತದೆ. ಯಾವ ಮಾಹಿತಿ ಹಾಳೆಯಲ್ಲೂ ಇಲ್ಲದ ಈ ಗುಣವನ್ನು ನಾನು ಲೆನ್ಸಿನ ದೊಡ್ಡ ಗುಣವೆಂದು ಎಣಿಸುತ್ತೇನೆ.

ಹತ್ತಿರದಿಂದ ಎಫ್/1.8ರಲ್ಲೇ ತೆಗೆಯಬೇಕೆಂದು ಹೊರಟರೆ ಮಾತ್ರ ನಿರಾಶೆ ಖಂಡಿತ. 35 ಸೆಂಟಿಮೀಟರ್ ಅಂತರದಲ್ಲಿ ಪೂರ್ತಿ ತೆರೆದಾಗ ಸ್ಪಷ್ಟವಾಗಿರುವ ಆಳ ಸುಮಾರು ಎರಡು ಮಿಲಿಮೀಟರ್. ಉಳಿಯ ತುದಿ ಸ್ಪಷ್ಟವಿದ್ದರೆ ಅದನ್ನು ಹಿಡಿದ ಹೆಬ್ಬೆರಳು ಕರಗಿಹೋಗಿರುತ್ತದೆ. ಎಫ್/4ಕ್ಕೆ ಇಳಿಸಿದಾಗ ಉಳಿ, ತಂತಿ, ಉಗುರು ಮೂರೂ ಓದುವಂತಾಗುತ್ತವೆ, ಹಿನ್ನೆಲೆ ಮಾತ್ರ ಮೆತ್ತಗಾಗಿ ಉಳಿಯುತ್ತದೆ. ಒಂದು ಮೀಟರ್ ದೂರದಿಂದ ಇಡೀ ವ್ಯಕ್ತಿಯ ಮೇಲ್ಭಾಗವನ್ನು ತೆಗೆಯುವಾಗ ಎಫ್/1.8ರಲ್ಲಿ ಎರಡೂವರೆ ಸೆಂಟಿಮೀಟರಿನಷ್ಟು ಆಳ ಸಿಗುತ್ತದೆ. ಅದು ಬಾಗಿದ ಮುಖದ ಕಣ್ಣಿಗೆ ಸಾಕು, ಕೈಗೂ ಮುಖಕ್ಕೂ ಸೇರಿ ಸಾಲದು. ನನ್ನ ಯೋಜನೆಯ ಬಹುಪಾಲು ಚಿತ್ರಗಳು ಎಫ್/2.8 ಮತ್ತು ಎಫ್/4ರ ನಡುವೆ ಇವೆ. ಆ ನಡುವಿನಲ್ಲಿ ಈ ಲೆನ್ಸ್ ತನ್ನ ಬೆಲೆಗೆ ಮೀರಿದ ಸ್ಪಷ್ಟತೆ ಕೊಡುತ್ತದೆ. ಸುತ್ತಿಗೆಯ ಏಟಿನಿಂದ ಬೆಳ್ಳಿ ತಂತಿಯ ಅಂಚು ಚಪ್ಪಟೆಯಾಗಿ ಸತುವಿನೊಳಗೆ ಕಚ್ಚಿಕೊಂಡದ್ದು ಎಣಿಸುವಂತೆ ಕಾಣುತ್ತದೆ.

ಬಿದ್ರಿಯಂಥ ವಸ್ತುವಿನಲ್ಲಿ ಲೆನ್ಸಿನ ಅತಿ ಕಠಿಣ ಪರೀಕ್ಷೆ ಎಂದರೆ ಕಪ್ಪಿನ ಪಕ್ಕದ ಬೆಳ್ಳಿ. ಗಾಢ ಕಪ್ಪಿಗೆ ಅಂಟಿಕೊಂಡೇ ಹೊಳೆಯುವ ಬಿಳಿ ಗೆರೆಯಿರುವ ಕಡೆ ಈ ಲೆನ್ಸ್ ಪೂರ್ತಿ ತೆರೆದಾಗ ಬಣ್ಣದ ಅಂಚು ತೋರಿಸುತ್ತದೆ. ಫೋಕಸಿನ ಮುಂದಿರುವ ಗೆರೆಗೆ ನೇರಳೆ, ಹಿಂದಿರುವುದಕ್ಕೆ ಹಸಿರು. ಬಣ್ಣದ ಚಿತ್ರದಲ್ಲಿ ಇದು ತೊಂದರೆ ಕೊಡುತ್ತದೆ. ಎಫ್/2.8ಕ್ಕೆ ಬಂದಾಗ ಕಡಿಮೆಯಾಗುತ್ತದೆ, ಎಫ್/4ರಲ್ಲಿ ಹುಡುಕಿದರೆ ಮಾತ್ರ ಕಾಣುತ್ತದೆ. ಕಪ್ಪು ಬಿಳುಪಿಗೆ ಬದಲಾಯಿಸಿದರೆ ಬಣ್ಣ ಹೋಗುತ್ತದಾದರೂ ಗೆರೆಯ ಅಂಚಿನ ಮೆದುತನ ಉಳಿಯುತ್ತದೆ. ಕ್ಯಾಮೆರಾದ ಬೆಳಕಿನ ಅಳತೆಯೂ ಇಲ್ಲಿ ದಾರಿ ತಪ್ಪುತ್ತದೆ. ಚೌಕಟ್ಟಿನ ತುಂಬ ಕಪ್ಪು ಇದ್ದಾಗ ಕ್ಯಾಮೆರಾ ಅದನ್ನು ಬೂದುಬಣ್ಣಕ್ಕೆ ಎತ್ತಲು ಹೋಗಿ ಬೆಳ್ಳಿಯನ್ನು ಸುಟ್ಟುಬಿಡುತ್ತದೆ. ಒಂದರಿಂದ ಒಂದೂವರೆ ಸ್ಟಾಪ್ ಕಡಿಮೆ ಮಾಡಿ ತೆಗೆದಾಗ ಮಾತ್ರ ಬೆಳ್ಳಿಯೊಳಗಿನ ಸುತ್ತಿಗೆಯ ಗುರುತುಗಳು ಉಳಿದವು. ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್‌ಇಡಿ ಬಲ್ಬುಗಳಡಿ ಕೆಲಸ ಮಾಡುವವರು ಇನ್ನೊಂದು ಸಂಗತಿಯನ್ನು ನೆನಪಿಡಬೇಕು: ನಮ್ಮ ವಿದ್ಯುತ್ 50 ಹರ್ಟ್ಸ್‌ನದು, ಅಂಥ ದೀಪಗಳು ಸೆಕೆಂಡಿಗೆ ನೂರು ಬಾರಿ ಮಿಡಿಯುತ್ತವೆ, ಹಾಗಾಗಿ 50ನೇ ಅಥವಾ 100ನೇ ಒಂದು ಭಾಗದ ಶಟರ್ ವೇಗದಲ್ಲಿ ತೆಗೆದರೆ ಚಿತ್ರದಲ್ಲಿ ಪಟ್ಟೆಗಳು ಬರುವುದಿಲ್ಲ. ಸುತ್ತಿಗೆಯನ್ನು ನಿಲ್ಲಿಸುವ ವೇಗ ಬೇಕೆಂದರೆ ಬಾಗಿಲ ಬೆಳಕಿನ ಹೊತ್ತನ್ನೇ ಕಾಯಬೇಕು.

ಕಪ್ಪಾಗಿಸುವ ಹಂತದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಬಿಸಿ ಮಾಡಿದ ಪಾತ್ರೆ, ಕುದಿಯುವ ನೀರು, ನವಸಾಗರ, ಮಣ್ಣು, ಆವಿ. ಇಲ್ಲಿ ಆಟೋಫೋಕಸ್ ತಡವರಿಸುತ್ತದೆ, ಆವಿಯನ್ನೇ ಹಿಡಿಯಲು ಹೋಗುತ್ತದೆ. 1500ಡಿಯ ಒಂಬತ್ತು ಫೋಕಸ್ ಬಿಂದುಗಳಲ್ಲಿ ನಡುವಿನದ್ದೊಂದೇ ಅಡ್ಡ ಮತ್ತು ಉದ್ದ ಎರಡೂ ಗೆರೆಗಳನ್ನು ಗುರುತಿಸಬಲ್ಲದು. ಅದನ್ನೇ ಆರಿಸಿಕೊಂಡು ಪಾತ್ರೆಯ ಅಂಚಿಗೆ ಹಿಡಿದರೆ ಕೆಲಸವಾಗುತ್ತದೆ. ಕೈಯಿಂದ ಫೋಕಸ್ ಮಾಡಬಯಸುವವರಿಗೆ ಈ ಲೆನ್ಸಿನ ಉಂಗುರ ಕಿರಿದು, ಅದರ ಮೇಲೆ ದೂರದ ಗುರುತುಗಳಿಲ್ಲ, ಉಂಗುರ ಮೋಟಾರಿನ ಮೂಲಕವೇ ಚಲಿಸುವುದರಿಂದ ಕ್ಯಾಮೆರಾ ನಿದ್ದೆಗೆ ಜಾರಿದ್ದರೆ ತಿರುಗಿಸಿದರೂ ಏನೂ ಆಗುವುದಿಲ್ಲ. ಒಂದೇ ಸಲ ನಡೆಯುವ ಕ್ರಿಯೆಯ ಮುಂದೆ ಕಾದು ಕೂತಿರುವಾಗ ಇದು ಚಿಕ್ಕ ಕೊರತೆಯಲ್ಲ. ಶಟರ್ ಗುಂಡಿಯನ್ನು ಆಗಾಗ ಅರ್ಧ ಒತ್ತಿ ಕ್ಯಾಮೆರಾವನ್ನು ಎಚ್ಚರವಾಗಿಡುವುದೇ ಉಪಾಯ. ನವಸಾಗರದ ನೀರು ಸಿಡಿಯುವ ಜಾಗದಲ್ಲಿ ಮುಂದೊಂದು 49 ಎಂಎಂ ರಕ್ಷಣಾ ಫಿಲ್ಟರ್ ಇರಲೇಬೇಕು. ಎರಕದ ಒಲೆಯನ್ನೋ ಬಾಗಿಲನ್ನೋ ಎದುರಿಟ್ಟು ತೆಗೆದರೆ ಬೆಳಕು ಲೆನ್ಸಿನೊಳಗೆ ಹರಡಿ ಚಿತ್ರ ಮಸುಕಾಗುತ್ತದೆ. ಬೆಳಕುತಡೆಯ ಹುಡ್ ಪೆಟ್ಟಿಗೆಯಲ್ಲಿ ಬರುವುದಿಲ್ಲ, ಬೇರೆಯಾಗಿ ಕೊಳ್ಳಬೇಕು.

ಇನ್ನು ಅಧ್ಯಾಪಕರು. ವಿಷಯದ ಬಗ್ಗೆ ಮೌಖಿಕವಾಗಿ ಎಷ್ಟೇ ಹೇಳಿದರೂ ಮಾತು ಮಾತಾಗಿಯೇ ಉಳಿಯುತ್ತಿತ್ತು. ಆದ್ದರಿಂದ ಕಾರ್ಯಾಗಾರದಲ್ಲಿ ತೆಗೆದ ಮೊದಲ ಸುತ್ತಿನ ಚಿತ್ರಗಳಲ್ಲಿ ಕೆಲವನ್ನು ಮುದ್ರಿಸಿ, ಕೋಟೆಯಲ್ಲಿ ಅವರು ಹೇಳಿದಂತೆಯೇ ತೆಗೆದ ಕೆಲವನ್ನು ಪಕ್ಕದಲ್ಲಿಟ್ಟು, ಎರಡೂ ಗುಂಪನ್ನು ಒಟ್ಟಿಗೆ ಅವರ ಮೇಜಿನ ಮೇಲೆ ಹರಡಿದೆ. ಅಧ್ಯಾಪಕರು ಸೂಚಿಸಿದ ದಿಕ್ಕಿನಲ್ಲೂ ಮನಸ್ಸಿಟ್ಟು ಕೆಲಸ ಮಾಡಿದ ಮೇಲೆಯೇ ನಮ್ಮ ದಿಕ್ಕಿನ ಬಗ್ಗೆ ಮಾತಾಡುವ ಹಕ್ಕು ನಮಗೆ ಬರುತ್ತದೆ ಎಂದು ನಾನು ನಂಬಿದ್ದೇನೆ. ವಿದ್ಯಾರ್ಥಿಯಾದವರು ಈ ಹೆಜ್ಜೆಯನ್ನು ತಪ್ಪಿಸಬಾರದು. ಮಾರ್ಗದರ್ಶಕ ಅಧ್ಯಾಪಕರು ಕೈಗಳ ಚಿತ್ರಗಳನ್ನು ಬಹಳ ಹೊತ್ತು ನೋಡಿದರು. "ಕೈ ಛಂದ ಬಂದಾವ, ಖರೆ. ಆದ್ರ ಅವು ಯಾವ ಊರಾಗಿನ ಕೈ ಅಂತ ತಿಳಿವಲ್ದು" ಎಂದರು. ಇಡೀ ಯೋಜನೆಯ ಅವಧಿಯಲ್ಲಿ ನನಗೆ ದೊರೆತ ಅತ್ಯುತ್ತಮ ಟೀಕೆ ಇದು. ಹಿರಿಯ ಅಧ್ಯಾಪಕರು ಇನ್ನೊಂದು ಮಾತು ಸೇರಿಸಿದರು. ಫ್ರಾನ್ಸಿನ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ-ಬ್ರೆಸಾಂ ಹೆಚ್ಚಿನ ಕೆಲಸವನ್ನು 50 ಎಂಎಂ ಲೆನ್ಸಿನಲ್ಲೇ ಮಾಡಿದರು ಎಂದು ನಾನು ಹೇಳಿದಾಗ, ಅದು 35 ಎಂಎಂ ಫಿಲ್ಮಿನ ಕ್ಯಾಮೆರಾ, ನಿನ್ನ ಕ್ಯಾಮೆರಾದ ಸೆನ್ಸರ್ ಚಿಕ್ಕದು, ಅದರಲ್ಲಿ ಈ ಲೆನ್ಸಿನ ನೋಟ 80 ಎಂಎಂನಷ್ಟು ಕಿರಿದಾಗುತ್ತದೆ ಎಂದು ತಿಳಿಸಿದರು.

ಲೆನ್ಸಿನ ನಿಜವಾದ ಮಿತಿ ಇದೇ. ಕೆಲಸದ ಕೋಣೆಗಳು ಚಿಕ್ಕವು. ಗೋಡೆಗೆ ಬೆನ್ನು ಹಚ್ಚಿ ನಿಂತರೂ ಒಬ್ಬ ವ್ಯಕ್ತಿ ಮತ್ತು ಅವನ ಮುಂದಿನ ಸಾಮಾನುಗಳಿಗಿಂತ ಹೆಚ್ಚು ಒಳಗೆ ಬರುವುದಿಲ್ಲ. ತಂದೆ ಎರಕ ಹೊಯ್ಯುತ್ತಿದ್ದಾರೆ, ಮಗ ಅರ ಉಜ್ಜುತ್ತಿದ್ದಾನೆ, ಬಾಗಿಲಲ್ಲಿ ಮಗಳು ಬೆಳ್ಳಿ ತಂತಿ ಸುತ್ತುತ್ತಿದ್ದಾಳೆ ಎಂಬ ಸಂಬಂಧವನ್ನು ಒಂದೇ ಚೌಕಟ್ಟಿನಲ್ಲಿ ಹೇಳಬೇಕಾದರೆ ಈ ಲೆನ್ಸ್ ಕೈಕಟ್ಟಿ ನಿಲ್ಲುತ್ತದೆ. ಹೊರಗಿನ ಓಣಿಯನ್ನು, ಅಂಗಡಿಯ ಸಾಲನ್ನು, ಚೌಬಾರಾದ ಗೋಪುರ ಹಿನ್ನೆಲೆಯಾಗಿ ನಿಂತ ಬೀದಿಯನ್ನು ತೆಗೆಯಲು ಕಾಲೇಜಿನ ಕಿಟ್ ಲೆನ್ಸನ್ನೇ 18 ಎಂಎಂಗೆ ಇಟ್ಟು ಬಳಸಿದೆ. ಮಾರ್ಗದರ್ಶಕರ ಟೀಕೆಗೆ ಉತ್ತರ ಆ ಚಿತ್ರಗಳಿಂದ ಅರ್ಧ ಮಾತ್ರ ಸಿಕ್ಕಿತು.

ಉಳಿದರ್ಧ ಸಿಕ್ಕಿದ್ದು ಮಣ್ಣಿನಲ್ಲಿ. ಬಿದ್ರಿಯ ಕಪ್ಪು ಬೀದರ್ ಕೋಟೆಯ ಮಣ್ಣಿನಿಂದ ಬರುತ್ತದೆ. ಬಹಳ ಕಾಲ ಬಿಸಿಲು ಮಳೆ ತಾಕದ ಜಾಗದ ಮಣ್ಣೇ ಆಗಬೇಕೆಂದು ಕುಶಲಕರ್ಮಿಗಳು ಹೇಳುತ್ತಾರೆ, ಕೆಲವರು ಅದನ್ನು ನಾಲಿಗೆಗೆ ಹಚ್ಚಿ ಪರೀಕ್ಷಿಸುತ್ತಾರೆ. ಅಂದಮೇಲೆ ಕೋಟೆ ನನ್ನ ಯೋಜನೆಯ ಹೊರಗೆ ಇರಲೇ ಇಲ್ಲ. ಅದು ಪ್ರತಿಯೊಂದು ಪಾತ್ರೆಯ ಮೈಮೇಲೆ ಇತ್ತು. ಅಧ್ಯಾಪಕರು ಬಯಸಿದ ಸ್ಮಾರಕವನ್ನು ಅದರ ಎತ್ತರದಿಂದ ನೋಡುವ ಬದಲು ಅದರ ನೆಲದಿಂದ ನೋಡುವ ದಾರಿ ಇಲ್ಲಿ ತೆರೆಯಿತು. ಕೋಟೆಯ ಗೋಡೆಬುಡದ ಮಣ್ಣು, ಚಾಚಾ ಅವರ ಅಂಗೈಯಲ್ಲಿದ್ದ ಒಂದು ಹಿಡಿ ಮಣ್ಣು, ಕುದಿಯುವ ಪಾತ್ರೆಯಲ್ಲಿ ಕೆಸರಾದ ಅದೇ ಮಣ್ಣು, ಕಪ್ಪಾದ ಹೂದಾನಿ ಎಂಬ ಕ್ರಮದಲ್ಲಿ ಚಿತ್ರಗಳನ್ನು ಜೋಡಿಸಿದಾಗ ಮಾರ್ಗದರ್ಶಕರು ವಿಷಯವನ್ನು ಒಪ್ಪಿದರು. ಹಿರಿಯ ಅಧ್ಯಾಪಕರು ಪೂರ್ತಿ ಒಪ್ಪಲಿಲ್ಲ. ಸ್ಮಾರಕದ ಯೋಜನೆಯೇ ಹೆಚ್ಚು ಗಟ್ಟಿಯಾಗುತ್ತಿತ್ತೆಂದು ಅವರು ಕೊನೆಯವರೆಗೂ ಹೇಳಿದರು. ಆದರೂ ಅನುಕ್ರಮವನ್ನು ಕೂಡಿಸುವಾಗ ಎಲ್ಲರಿಗಿಂತ ಹೆಚ್ಚು ಹೊತ್ತು ನನ್ನ ಜೊತೆ ಕೂತವರು ಅವರೇ. ಒಂದೇ ತೆರನಾದ ಕೈಗಳ ಚಿತ್ರಗಳನ್ನು ನಿರ್ದಾಕ್ಷಿಣ್ಯವಾಗಿ ತೆಗೆಸಿದರು, ಉಳಿದವುಗಳ ನಡುವೆ ಕೋಟೆಯ ಗೋಡೆಗೆ ಜಾಗ ಮಾಡಿಸಿದರು.

ಲೆನ್ಸನ್ನು ಸ್ಮಾರಕಗಳಲ್ಲೂ ಪ್ರಾಮಾಣಿಕವಾಗಿ ಪರೀಕ್ಷಿಸಿದ್ದೇನೆ, ಅದನ್ನೂ ಹೇಳಬೇಕು. ಮದರಸಾದ ಮುಂಭಾಗವನ್ನು ಒಳಗೊಳ್ಳಲು ರಸ್ತೆಯಾಚೆಗೆ ಹೋದರೂ ಸಾಲಲಿಲ್ಲ. ಆದರೆ ಉಳಿದಿರುವ ಒಂದು ಮಿನಾರಿನ ಮೇಲೆ ಅಲ್ಲಲ್ಲಿ ಅಂಟಿಕೊಂಡಿರುವ ಬಣ್ಣದ ಹೆಂಚಿನ ಚೂರುಗಳು, ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಕರಿಗಲ್ಲಿನೊಳಗೆ ಕೂರಿಸಿದ ಮುತ್ತಿನ ಚಿಪ್ಪು, ಇಂಥವು ಎಫ್/5.6ರಲ್ಲಿ ಅಂಚಿನವರೆಗೂ ಸ್ಪಷ್ಟವಾಗಿ ಬರುತ್ತವೆ. ರಂಗೀನ್ ಮಹಲಿನ ಆ ಚಿಪ್ಪಿನ ಕೆಲಸಕ್ಕೂ ಬಿದ್ರಿಯ ಬೆಳ್ಳಿ ಕೆಲಸಕ್ಕೂ ಇರುವ ಹೋಲಿಕೆ ಕಣ್ಣಿಗೆ ಬಿದ್ದದ್ದು ಈ ಲೆನ್ಸಿನ ಕಿರಿದಾದ ನೋಟದಿಂದಲೇ: ಎರಡರಲ್ಲೂ ಕಪ್ಪನ್ನು ಕೊರೆದು ಹೊಳಪನ್ನು ಕೂರಿಸಲಾಗಿದೆ. ಈ ಎರಡು ಚಿತ್ರಗಳನ್ನು ಎದುರುಬದುರು ಇಟ್ಟ ಪುಟವನ್ನು ಎಲ್ಲ ಅಧ್ಯಾಪಕರೂ ಮೆಚ್ಚಿದರು. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಈ ಸ್ಥಳಗಳಲ್ಲಿ ಟ್ರೈಪಾಡ್ ಬಳಸಲು ಅನುಮತಿ ಬೇಕಾಗುವುದರಿಂದ, ಮಹಲಿನ ಒಳಗಿನ ಮಂದ ಬೆಳಕಿನಲ್ಲೂ ಕೈಯಲ್ಲೇ ಹಿಡಿದು ತೆಗೆಯಬಹುದಾದ ಲೆನ್ಸ್ ಸ್ಮಾರಕಪ್ರಿಯರಿಗೂ ಉಪಯುಕ್ತ.

ಮುದ್ರಣದ ವಿಷಯ ಚಿಕ್ಕದಾಗಿ. 1500ಡಿಯ 24 ಮೆಗಾಪಿಕ್ಸೆಲ್ ಕಡತದಿಂದ 12×18 ಇಂಚಿನ ಮುದ್ರಣ ಯಾವ ಎಳೆದಾಟವಿಲ್ಲದೆ ಬರುತ್ತದೆ. ಹೊಳಪಿನ ಕಾಗದದಲ್ಲಿ ಕಪ್ಪು ಆಳವಾಗಿ ಕಂಡರೂ ಕೋಣೆಯ ದೀಪಗಳು ಅದರಲ್ಲಿ ಪ್ರತಿಫಲಿಸಿ ಬೆಳ್ಳಿ ಗೆರೆಗಳ ಜೊತೆ ಸ್ಪರ್ಧೆಗಿಳಿಯುತ್ತವೆ. ಮ್ಯಾಟ್ ಕಾಗದದಲ್ಲಿ ಕಪ್ಪು ತುಸು ತಗ್ಗಿದರೂ ಬೆಳ್ಳಿ ತನ್ನ ಜಾಗದಲ್ಲಿರುತ್ತದೆ. ನಾನು ಮ್ಯಾಟ್ ಆರಿಸಿದೆ. ಕುಶಲಕರ್ಮಿಗಳಿಗೆ ಕೊಟ್ಟ ಪ್ರತಿಗಳು ಮಾತ್ರ ಅವರ ಇಷ್ಟದಂತೆ ಹೊಳಪಿನವು. ಇನ್ನೂ ಮಾರಾಟಕ್ಕೆ ಬಾರದ ಹೊಸ ವಿನ್ಯಾಸಗಳ ಚಿತ್ರವನ್ನು ಹೊರಗೆ ತೋರಿಸಬಾರದೆಂದು ಅವರಲ್ಲಿ ಒಬ್ಬರು ಕೇಳಿಕೊಂಡಿದ್ದರು. ಇಷ್ಟು ಸ್ಪಷ್ಟವಾಗಿ ತೋರಿಸುವ ಲೆನ್ಸ್ ಕೈಯಲ್ಲಿರುವವರು ಇಂಥ ಮಾತನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು. ಆ ಚಿತ್ರಗಳು ಚೆನ್ನಾಗಿದ್ದವು, ಯೋಜನೆಯಲ್ಲಿ ಇಲ್ಲ.

ಕೊಳ್ಳುವವರಿಗೆ ನನ್ನ ಸಲಹೆ ಹೀಗಿದೆ. ಕೈಕೆಲಸ, ಅಡುಗೆ, ಹೊಲಿಗೆ, ವಾದ್ಯ ನುಡಿಸುವವರ ಬೆರಳು, ಹೀಗೆ ಹತ್ತಿರದ ನೋಟವನ್ನು ಬೇಡುವ ವಿಷಯ ನಿಮ್ಮದಾಗಿದ್ದು, ಕೈಯಲ್ಲಿ ಕಿಟ್ ಲೆನ್ಸ್ ಈಗಾಗಲೇ ಇದ್ದರೆ ಇದನ್ನು ಹಿಂಜರಿಯದೆ ತೆಗೆದುಕೊಳ್ಳಿ. ಮನೆಯೊಳಗಿನ ಬದುಕನ್ನು, ಜನರನ್ನು ಅವರ ಸುತ್ತಲಿನ ಜಾಗದೊಡನೆ ತೋರಿಸುವ ಯೋಜನೆಯಾದರೆ ಕ್ಯಾನನ್‌ನದೇ ಇಎಫ್-ಎಸ್ 24 ಎಂಎಂ ಎಫ್/2.8 ಎಸ್‌ಟಿಎಂ ಹೆಚ್ಚು ಸೂಕ್ತ. ಚಿಕ್ಕ ಸೆನ್ಸರಿನ ಕ್ಯಾಮೆರಾದಲ್ಲಿ ಅದರ ನೋಟ ಕಣ್ಣಿನ ಸಹಜ ನೋಟಕ್ಕೆ ಸಮೀಪ, 16 ಸೆಂಟಿಮೀಟರ್‌ವರೆಗೆ ಹತ್ತಿರ ಹೋಗುತ್ತದೆ, ಬೆಳಕು ಮಾತ್ರ ಒಂದು ಸ್ಟಾಪಿಗಿಂತ ಹೆಚ್ಚು ಕಡಿಮೆ. ನಿಕಾನ್ ಕ್ಯಾಮೆರಾ ಇರುವ ವಿದ್ಯಾರ್ಥಿಗಳು ಅಗ್ಗವೆಂದು ಎಎಫ್ 50 ಎಂಎಂ ಎಫ್/1.8ಡಿ ಕೊಳ್ಳುವ ಮೊದಲು ಯೋಚಿಸಬೇಕು, ಏಕೆಂದರೆ ಡಿ3000 ಮತ್ತು ಡಿ5000 ಸಾಲಿನ ಕ್ಯಾಮೆರಾಗಳಲ್ಲಿ ಅದು ತಾನಾಗಿ ಫೋಕಸ್ ಆಗುವುದಿಲ್ಲ. ಅವರಿಗೆ ಎಎಫ್-ಎಸ್ 50 ಎಂಎಂ ಎಫ್/1.8ಜಿ ಬೇಕು. ಕ್ಯಾನನ್ನಿನ, ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕ್ಯಾಮೆರಾಕ್ಕೆ ಹೋಗುವ ಯೋಚನೆಯಿದ್ದರೆ ಇದೇ ಲೆನ್ಸನ್ನು ಅಡಾಪ್ಟರ್ ಮೂಲಕ ಬಳಸಬಹುದು, ಅಥವಾ 2020ರಲ್ಲಿ ಆ ಕ್ಯಾಮೆರಾಗಳಿಗೆಂದೇ ಬಂದ ಆರ್‌ಎಫ್ ಆವೃತ್ತಿಯನ್ನೇ ನೇರವಾಗಿ ಕೊಳ್ಳಬಹುದು.

ಕಲಬುರಗಿಯಲ್ಲಾಗಲಿ ಹೈದರಾಬಾದಿನಲ್ಲಾಗಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಲೆನ್ಸಿನ ಹಿಂಭಾಗ ನೋಡಲಿ: ಎಸ್‌ಟಿಎಂ ಆವೃತ್ತಿಯ ಮೌಂಟ್ (ಕ್ಯಾಮೆರಾಕ್ಕೆ ಕೂಡುವ ಭಾಗ) ಲೋಹದ್ದು, ಅದಕ್ಕಿಂತ ಹಳೆಯ 50 ಎಂಎಂ ಎಫ್/1.8 ಎರಡನೇ ಆವೃತ್ತಿಯದ್ದು ಪ್ಲಾಸ್ಟಿಕ್. ಹಳೆಯದರಲ್ಲಿ ಬೆಳಕಿನ ಕಿಂಡಿಯಾದ ಅಪರ್ಚರ್‌ನ ಎಲೆಗಳು ಐದು, ಇದರಲ್ಲಿ ಏಳು. ಬೆಳಕಿಗೆ ಹಿಡಿದು ಒಳಗೆ ಬೂಷ್ಟಿನ ಎಳೆಗಳಿವೆಯೇ ಎಂದು ಪರೀಕ್ಷಿಸಬೇಕು. ಫೋಕಸ್ ಮಾಡುವಾಗ ಮುಂದಿನ ಕೊಳವೆ ಹೊರಚಾಚುತ್ತದೆ, ಚಾಚಿರುವಾಗ ಪೆಟ್ಟು ಬಿದ್ದ ಲೆನ್ಸ್ ಮುಂದೆ ಸತಾಯಿಸುತ್ತದೆ. ಆದ್ದರಿಂದ ಹತ್ತಿರದಿಂದ ಅತಿ ದೂರದವರೆಗೆ ಹಲವು ಸಲ ಓಡಿಸಿ, ಎಲ್ಲೂ ತಡೆಯದೆ ಚಲಿಸುವುದನ್ನು ಕಣ್ಣಾರೆ ನೋಡಿ ಹಣ ಕೊಡಬೇಕು. ಬಳಸಿದ ಮೇಲೆ ಚೀಲಕ್ಕೆ ಹಾಕುವ ಮೊದಲು, ಕ್ಯಾಮೆರಾ ಚಾಲೂ ಇರುವಾಗಲೇ ಫೋಕಸನ್ನು ಅತಿ ದೂರಕ್ಕೆ ತಿರುಗಿಸಿ ಕೊಳವೆಯನ್ನು ಒಳಸರಿಸಿಡುವುದು ಒಳ್ಳೆಯ ರೂಢಿ.